ಥರ್ಮಾಕೋಲ್ ಸತ್ಯಾಗ್ರಹ

ಈ ಅವಧಿಯಲ್ಲಿ ನಮ್ಮ ಕರಾವಳಿಯ ಆರು, ಏಳು, ಎಂಟನೇ ತರಗತಿಯ ಮಕ್ಕಳು ಏನು ಕಲಿಯುತ್ತಿದ್ದಾರೆ ಅಂತ ತಿಳಿಯಲು ಶಾಲೆಗೆ ಹೋಗಬೇಕಿಲ್ಲ. ಪೇಟೆಯ ಸ್ಟೇಷನರಿ ಅಂಗಡಿಗೆ ಹೋದರೆ ಸಾಕು. ಸಂಜೆಯಾದರೆ ಅಲ್ಲಿ ಅಪ್ಪಂದಿರ ಸಾಲು. ಎಲ್ಲರ ಕಂಕುಳಲ್ಲೂ ಥರ್ಮಾಕೋಲ್ ಹಾಳೆ. ಕಡಲ ಗಾಳಿಗೆ ಒಬ್ಬರ ಹಾಳೆ ಇನ್ನೊಬ್ಬರ ಕಿವಿಗೆ ಬಡಿಯುತ್ತಿರುತ್ತದೆ. ಅಂಗಡಿಯವರು ತಲೆ ಎತ್ತದೆ ಕೇಳುತ್ತಾರೆ: "ಯಾವ್ದು? ಕಾಡಾ, ಜ್ವಾಲಾಮುಖಿಯಾ?"

ಜ್ವಾಲಾಮುಖಿಗೆ ಬೇಡಿಕೆ ಜಾಸ್ತಿ. ಇಡೀ ಭಾರತದಲ್ಲಿ ಬೆಂಕಿ ಉಗುಳುವುದು ಒಂದೇ ಒಂದು, ಅದೂ ದೂರದ ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ಆದರೆ ಕಾರವಾರದಿಂದ ಭಟ್ಕಳದವರೆಗೆ ವಿಜ್ಞಾನ ಪ್ರದರ್ಶನ ನಡೆದಲ್ಲೆಲ್ಲ ಒಂದಾದರೂ ಸಿಡಿಯಲೇಬೇಕು. ಅಡುಗೆ ಸೋಡಾ, ವಿನೆಗರ್, ಚಿಟಿಕೆ ಕುಂಕುಮ. ಅತಿಥಿಗಳು ಬಂದಾಗ ಒಮ್ಮೆ, ಫೋಟೋದವರು ಬಂದಾಗ ಮತ್ತೊಮ್ಮೆ.

ಇನ್ನು ಕಾಡು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಅರಣ್ಯವೇ. ಶಾಲೆಯ ಹಿಂಬಾಗಿಲು ತೆಗೆದರೆ ಮಂಗ ಒಳಗೆ ಬರುತ್ತದೆ. ಆದರೂ ಕಾಡಿನ ಪಾಠಕ್ಕೆ ಥರ್ಮಾಕೋಲ್ ಬೇಕು, ಹಸಿರು ಬಣ್ಣ ಬಳಿದ ಸ್ಪಂಜು ಬೇಕು. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಮರಗಳನ್ನು ತಬ್ಬಿ ನಿಂತು ಕೊಡಲಿ ತಡೆದರಲ್ಲ, ಆ ಅಪ್ಪಿಕೋ ಚಳವಳಿಯ ಮಾದರಿಯನ್ನೂ ನೋಡಿದೆ. ಥರ್ಮಾಕೋಲ್ ಮರಕ್ಕೆ ಕಾಗದದ ಜನ. ಫೆವಿಕಾಲ್ ಹಾಕಿ ಅಂಟಿಸಿದ್ದರಿಂದ ಈ ಚಳವಳಿಗಾರರು ಮರ ಬಿಡುವ ಪ್ರಶ್ನೆಯೇ ಇಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ಉಪ್ಪಿನ ಸತ್ಯಾಗ್ರಹ. ಅಂಕೋಲೆಯನ್ನು, ಕರ ನಿರಾಕರಿಸಿದ ಗುಜರಾತಿನ ಬಾರ್ಡೋಲಿಗೆ ಹೋಲಿಸಿ, ಕರ್ನಾಟಕದ ಬಾರ್ಡೋಲಿ ಅಂತ ಸುಮ್ನೆ ಕರೆದದ್ದಲ್ಲ. 1930ರಲ್ಲಿ ಇಲ್ಲಿನವರು ಉಪ್ಪು ತಯಾರಿಸಿ ಬ್ರಿಟಿಷರ ಕಾನೂನು ಮುರಿದರು. ಪಕ್ಕದ ಸಾಣಿಕಟ್ಟೆಯಲ್ಲಿ ಇವತ್ತಿಗೂ ಉಪ್ಪು ಬೆಳೆಯುತ್ತಾರೆ. ಮಾದರಿಯಲ್ಲಿ ಬಿಳಿ ರಾಶಿಯೇನೋ ಇತ್ತು, ಮುಟ್ಟಿದರೆ ಥರ್ಮಾಕೋಲ್ ಗುಂಡು.

"ಅಕ್ಕೋರೆ, ಉಪ್ಪೇ ಇಡಬಹುದಿತ್ತಲ್ವಾ?" ಅಂತ ಶಿಕ್ಷಕಿಯನ್ನು ಕೇಳಿದೆ.

"ಈ ಹವೆಗೆ ಉಪ್ಪು ನೀರು ಬಿಡ್ತದೆ ಮಾರಾಯ್ರೆ. ಚಾರ್ಟ್ ಹಾಳಾಗ್ತದೆ."

ಅದೂ ಸರಿಯೇ. ಆಮೇಲೆ ಯೋಚಿಸಿದರೆ, ಸತ್ಯಾಗ್ರಹದ ನಿಜವಾದ ವಾರಸುದಾರರು ಈ ಮಕ್ಕಳೇ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರಕಾರ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದೆ. ಇಡೀ ತರಗತಿ, ಅಪ್ಪ ಅಮ್ಮಂದಿರ ಸಮೇತ, ಶಾಂತಿಯುತವಾಗಿ ಅದನ್ನು ಮುರಿಯುತ್ತಿದೆ. ಯಾರಾದರೂ ಕೇಳಿದರೆ ಉತ್ತರ ಸಿದ್ಧ: ಇದು ಅಲಂಕಾರ ಅಲ್ಲ, ಶಿಕ್ಷಣ.

ಅಕ್ಕೋರನ್ನು ಬೈದು ಪ್ರಯೋಜನವಿಲ್ಲ. 2025ರ ಸೆಪ್ಟೆಂಬರಿನಲ್ಲಿ ಶಿಕ್ಷಕರನ್ನು ಮನೆಮನೆ ಸಮೀಕ್ಷೆಗೆ ಓಡಿಸಿದರು. ಅದು ಮುಗಿಯದೆ ಸರಕಾರಿ ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಊರಿನ ಮನೆಗಳನ್ನೆಲ್ಲ ಎಣಿಸಿ ಬಂದವರಿಗೆ ಪಾಠ ಮುಗಿಸಬೇಕು, ಚಟುವಟಿಕೆ ಮಾಡಿಸಬೇಕು, ಅದರ ಫೋಟೋ ಮೇಲಿನವರಿಗೆ ಕಳಿಸಬೇಕು. ಮೂರರಲ್ಲಿ ಮೇಲಿನವರು ನೋಡುವುದು ಮೂರನೆಯದನ್ನು ಮಾತ್ರ.

ಹಾಗಾದರೆ ಮಗು ಏನು ಮಾಡುತ್ತದೆ? ಅಪ್ಪ ಕತ್ತರಿಸುತ್ತಾನೆ, ಆಯಿ ಬಣ್ಣ ಹಚ್ಚುತ್ತಾಳೆ, ಇಂಜಿನಿಯರಿಂಗ್ ಓದುವ ಚಿಕ್ಕಪ್ಪ ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ ಬಲ್ಬು ಹೊತ್ತಿಸುವುದು ಹೇಗೆಂದು ಹೇಳಿಕೊಡುತ್ತಾನೆ. ಮಗು ಮೂಲೆಯಲ್ಲಿ ತನ್ನ ಹೆಸರು ಬರೆಯುತ್ತದೆ. ಅನುಕೂಲಸ್ಥರ ಮನೆಯಲ್ಲಿ ಅದೂ ಪ್ರಿಂಟ್.

ತದಡಿ ಕಡೆಯ ಒಬ್ಬ ಹುಡುಗ ಮಾತ್ರ ಎಡವಿದ. ಏಳನೇ ತರಗತಿ. ವಿಷಯ: ನದಿ ಸಮುದ್ರ ಸೇರುವ ಜಾಗ. ಅವನ ಮನೆ ಇರುವುದೇ ಅಘನಾಶಿನಿ ಸಮುದ್ರ ಸೇರುವ ಜಾಗದಲ್ಲಿ. ಇಳಿತದ ಹೊತ್ತಿಗೆ ಆಯಿಯ ಜೊತೆ ನೀರಿಗಿಳಿದು ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಹೆಕ್ಕುವವನು. ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದಲ್ಲಿ ಏಡಿ ಎಲ್ಲಿ ಅಡಗುತ್ತದೆ ಗೊತ್ತು. ಗಜನಿಯಲ್ಲಿ, ಅಂದರೆ ಹಿನ್ನೀರಿನ ಅಂಚಿನ ತಗ್ಗು ಗದ್ದೆಯಲ್ಲಿ, ಉಪ್ಪು ನೀರು ನುಗ್ಗಿದರೂ ಜಗ್ಗದ ಕಗ್ಗ ಭತ್ತ ಗೊತ್ತು. ಪಾಪ, ಗೊತ್ತಿದ್ದನ್ನೇ ತಂದ. ಒಂದು ಬುಟ್ಟಿಯಲ್ಲಿ ಹೊಳೆಯ ಕೆಸರು, ಬಳಚಿನ ಚಿಪ್ಪು, ಕಾಂಡ್ಲಾದ ಒಂದು ಟೊಂಗೆ, ಕಗ್ಗದ ನಾಲ್ಕು ತೆನೆ.

"ತಮಾ, ವಾಸನೆ ಬರ್ತದೆ. ಅದನ್ನ ಹೊರಗಿಡು."

ಮೊದಲ ಬಹುಮಾನ ನೀಲಿ ಹಾಳೆಯ ನದಿಗೆ ಹೋಯಿತು. ಅದರಲ್ಲಿ ಸ್ಟಿಕರ್ ಡಾಲ್ಫಿನ್ ಇತ್ತು, ಆಕ್ಟೋಪಸ್ ಇತ್ತು, ಒಂದು ಪೆಂಗ್ವಿನ್ ಕೂಡ ಇತ್ತು. ಅಘನಾಶಿನಿಗೆ ಪೆಂಗ್ವಿನ್ ಯಾವಾಗ ಬಂತು ಅಂತ ಬುಟ್ಟಿಯ ಹುಡುಗ ಕೇಳಿದನಂತೆ. ಹೆಚ್ಚು ಮಾತಾಡುತ್ತಾನೆ ಅಂತ ಅವನ ಡೈರಿಯಲ್ಲಿ ಬರೆದು ಕಳಿಸಿದ್ದಾರೆ.

ಮುಂದಿನ ಚಟುವಟಿಕೆಯ ಸಂದೇಶ ಆಗಲೇ ಪಾಲಕರ ವಾಟ್ಸಾಪಿಗೆ ಬಂದಿದೆ: 'ಕಸದಿಂದ ರಸ'. ಮನೆಯಲ್ಲಿ ಬಿದ್ದಿರುವ ಹಳೆ ಬಾಟಲಿಗೆ ಕೊಳೆ ಹಿಡಿದಿರುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅದಕ್ಕೇ ಅಂಗಡಿಯವರು ಒಂದು ಸೆಟ್ ತರಿಸಿದ್ದಾರೆ. ಹೊಸ ಬಾಟಲಿ, ಹೊಸ ಚಮಚ, ಹೊಸ ಸ್ಟ್ರಾ, ಎಲ್ಲ ಒಂದೇ ಪ್ಯಾಕೆಟ್ಟಿನಲ್ಲಿ. ಶನಿವಾರದೊಳಗೆ ಹೋಗಿ ತನ್ನಿ, ಕಸ ಬೇಗ ಖಾಲಿಯಾಗುತ್ತದೆ.