ಆಮ್ಲಜನಕ ಎಂಬ ಆರೋಪ

ಬೆಳಗಿನ ವಾಕಿಂಗ್‌ನಲ್ಲಿ ಜೊತೆಯಾಗುವ ಹಿರಿಯರೊಬ್ಬರಿದ್ದಾರೆ. ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಜಾಸ್ತಿ. ಮೊನ್ನೆ ನಾನು ಸುಮ್ನೆ ಬಾಯಿಮಾತಿಗೆ, "ಇಲ್ಲಿ ಮರ ಇರೋದ್ರಿಂದ ಆಕ್ಸಿಜನ್ ಚೆನ್ನಾಗಿದೆ ಸಾರ್" ಅಂದೆ. ಅವರು ನಿಂತೇಬಿಟ್ಟರು. "ಆಕ್ಸಿಜನ್ ಯಾಕ್ರೀ? ಆಮ್ಲಜನಕ ಅನ್ನಿ. ನಮ್ಮ ಪದ. ಎಷ್ಟು ಅರ್ಥಪೂರ್ಣವಾಗಿದೆ ನೋಡಿ!"

ಅರ್ಥಪೂರ್ಣ ಅನ್ನುವುದೇ ನನ್ನ ತಕರಾರು. ಅರ್ಥವೇನೋ ಇದೆ, ಆದರೆ ಸುಳ್ಳು ಅರ್ಥ. ಆಮ್ಲವನ್ನು ಹುಟ್ಟಿಸುವುದು ಅಂತ ತಾನೇ? ಬಚ್ಚಲು ತೊಳೆಯುವ ಬಾಟಲಿಯಲ್ಲಿರುತ್ತದಲ್ಲ, ಹೈಡ್ರೋಕ್ಲೋರಿಕ್ ಆಮ್ಲ, ಅದರಲ್ಲಿ ಬೆರೆಸಿದ ನೀರನ್ನು ಬಿಟ್ಟರೆ ಆಮ್ಲಜನಕದ ಸುಳಿವೇ ಇಲ್ಲ. ಹಾಗಂತ ಅದು ಕಡಿಮೆ ಆಮ್ಲವೇ? ಕೈಮೇಲೆ ಬಿದ್ದರೆ ಗೊತ್ತಾಗುತ್ತದೆ.

ಇನ್ನು 'ನಮ್ಮ ಪದ' ಅನ್ನುವ ಮಾತು. ಇದು ಪ್ಯಾರಿಸ್ಸಿನ ಲವಾಸಿಯೆ ಎಂಬ ರಸಾಯನಶಾಸ್ತ್ರದ ಮಹಾಶಯನ ಪದ. ಎಲ್ಲ ಆಮ್ಲಗಳಿಗೂ ಈ ಗಾಳಿಯೇ ಮೂಲ ಎಂದು ನಂಬಿ, ಗ್ರೀಕ್ ಭಾಷೆಯ ಎರಡು ತುಂಡು ಜೋಡಿಸಿ 'ಆಕ್ಸಿಜನ್' ಅಂದ. ಜರ್ಮನ್ನರು ಅದನ್ನೇ ತಮ್ಮ ಮಾತಿಗೆ ತಿರುಗಿಸಿ 'ಸಾವರ್‌ಸ್ಟೋಫ್' ಎಂದರು, ಹುಳಿ ವಸ್ತು. ರಷ್ಯನ್ನರಿಗೆ 'ಕಿಸ್ಲರೋದ್', ಅಲ್ಲೂ ಅದೇ ಹುಳಿ. ಜೆಕ್ಕರ 'ಕಿಸ್ಲೀಕ್' ಕೂಡ ಹುಳಿಯೇ. ನಾವೂ ಅದೇ ಸಾಲಿನಲ್ಲಿ ಹೋಗಿ ನಿಂತೆವು. ತಮಾಷೆ ಅಂದರೆ ಗ್ರೀಕರು. ತಮ್ಮದೇ ಹಳೆಯ ತುಂಡುಗಳಿಂದ ಫ್ರೆಂಚನೊಬ್ಬ ಹೊಲಿದ ಅಂಗಿಯನ್ನು ಅವರೂ ತಂದು ತೊಟ್ಟುಕೊಂಡು 'ಒಕ್ಸಿಗೋನೊ' ಅನ್ನುತ್ತಾರೆ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಲವಾಸಿಯೆಯ ಲೆಕ್ಕ ತಪ್ಪೆಂದು ತೋರಿಸಿದ. ಯಾರೂ ಹೆಸರು ಬದಲಿಸಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಪ್ರೀಸ್ಟ್ಲಿಗಾಗಿ. ಈತ ಪಾದ್ರಿ. ಹಿಂದೆ ಲೀಡ್ಸ್ ಊರಿನಲ್ಲಿ ಬಿಯರ್ ತಯಾರಿಸುವವರ ಪಕ್ಕದ ಮನೆಯಲ್ಲಿದ್ದ. ಅಲ್ಲಿನ ತೊಟ್ಟಿಗಳ ಮೇಲೆ ನಿಲ್ಲುವ ಗಾಳಿಯನ್ನು ನೀರಿಗೆ ಬೆರೆಸಿ ಕುಡಿದು ನೋಡಿದವನು. ನಮ್ಮ ಗೋಲಿ ಸೋಡಾದ ಮುತ್ತಜ್ಜ ಅನ್ನಿ. 1774ರ ಆಗಸ್ಟ್ 1ರಂದು ಪಾದರಸದ ಕೆಂಪು ಭಸ್ಮದ ಮೇಲೆ ದೊಡ್ಡ ಮಸೂರದಿಂದ ಬಿಸಿಲು ಬಿಟ್ಟು ಆಮ್ಲಜನಕ ಎಂಬ ಈ ಗಾಳಿ ಹಿಡಿದ. ಮರುವರ್ಷ ಒಂದು ಇಲಿಯನ್ನು ಆ ಗಾಳಿ ತುಂಬಿದ ಗಾಜಿನೊಳಗೆ ಬಿಟ್ಟ. ಮಾಮೂಲಿ ಗಾಳಿಯಾಗಿದ್ದರೆ ಕಾಲು ಗಂಟೆ ಬದುಕಬೇಕಿದ್ದ ಇಲಿ ಅರ್ಧ ಗಂಟೆ ಇತ್ತು. ಹೊರಗೆ ತೆಗೆದಾಗ ಸತ್ತಂತೆ ಬಿದ್ದಿತ್ತು. ನಮ್ಮಂಥವರಾಗಿದ್ದರೆ ಬಾಲ ಹಿಡಿದು ಎಸೆಯುತ್ತಿದ್ದೆವು. ಈತ ಬೆಂಕಿಯ ಹತ್ತಿರ ಹಿಡಿದು ಕಾಯಿಸಿದ. ಚಳಿಗೆ ಮರಗಟ್ಟಿದ್ದ ಇಲಿ ಎದ್ದು ಕೂತಿತು! ಆಮೇಲೆ ಈತನೇ ಆ ಗಾಳಿಯನ್ನು ಎಳೆದುಕೊಂಡ. ಎದೆ ಸ್ವಲ್ಪ ಹೊತ್ತು ಹಗುರವಾಯಿತಂತೆ. ಮುಂದೊಂದು ದಿನ ಇದು ಶ್ರೀಮಂತರ ಶೋಕಿಯ ವಸ್ತುವಾಗಬಹುದು, ಸದ್ಯಕ್ಕೆ ಇದನ್ನು ಉಸಿರಾಡುವ ಭಾಗ್ಯ ಎರಡು ಇಲಿಗಳಿಗೆ ಮತ್ತು ನನಗೆ ಮಾತ್ರ ಸಿಕ್ಕಿದೆ ಎಂದು ಬರೆದ. ಇಲಿಗಳನ್ನು ಮೊದಲು ಹೇಳಿ, ತನ್ನನ್ನು ಕೊನೆಗೆ ಇಟ್ಟುಕೊಂಡ. ಇಂಥವನು ಇಟ್ಟ ಹೆಸರನ್ನು ಜಗತ್ತು ಇಟ್ಟುಕೊಳ್ಳಬಾರದಿತ್ತೇ?

ಇಟ್ಟುಕೊಳ್ಳುವಂತಿರಲಿಲ್ಲ, ಬಿಡಿ. 'ಫ್ಲೋಜಿಸ್ಟನ್ ಕಳೆದ ಗಾಳಿ' ಅಂತ ಇಟ್ಟಿದ್ದ. ಫ್ಲೋಜಿಸ್ಟನ್ ಅಂದರೆ, ವಸ್ತು ಉರಿಯುವಾಗ ಹೊರಬರುತ್ತದೆ ಎಂದು ಆಗಿನವರು ನಂಬಿದ್ದ, ಇಲ್ಲದ ವಸ್ತು. ಅದನ್ನು ಸಿಲಿಂಡರ್ ಮೇಲೆ ಬರೆಯುವುದು ಹೇಗೆ?

ಗಾಳಿ ಹಿಡಿದ 1774ರ ಅಕ್ಟೋಬರಿನಲ್ಲೇ ಪ್ಯಾರಿಸ್ಸಿಗೆ ಹೋಗಿದ್ದ ಪ್ರೀಸ್ಟ್ಲಿ, ಲವಾಸಿಯೆಯ ಮನೆಯ ಊಟದಲ್ಲಿ ಈ ಗಾಳಿಯ ವಿಷಯವನ್ನೆಲ್ಲ ಹೇಳಿಬಿಟ್ಟ. ಮುಂದೆ ಹೆಸರು ಇಟ್ಟವನು ಊಟ ಹಾಕಿದವನು. ಪ್ರೀಸ್ಟ್ಲಿಗಿಂತ ಮೊದಲೇ ಸ್ವೀಡನ್ನಿನ ಔಷಧಿ ಅಂಗಡಿಯ ಶೀಲೆ ಅದೇ ಗಾಳಿ ಹಿಡಿದು 'ಬೆಂಕಿಗಾಳಿ' ಎಂದಿದ್ದ. ಅವನ ಪುಸ್ತಕ ಅಚ್ಚಾಗಿ ಬಂದದ್ದು 1777ರಲ್ಲಿ, ತಡವಾಗಿ. ಅಚ್ಚಿನ ಮನೆಯ ತಡ ಆಗಲೂ ಇತ್ತು.

ಆ ಬೆಂಕಿಯನ್ನು ಬಿಡದವರು ಡೆನ್ಮಾರ್ಕಿನವರು. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟು ತೋರಿಸಿದ ಅರ್ಸ್ಟೆಡ್ಡನೇ ಅವರಿಗೆ 'ಇಲ್ಟ್' ಎಂಬ ಪದ ಕೊಟ್ಟ. ಬೆಂಕಿ ಎಂಬ ಮಾತಿನಿಂದ ಹುಟ್ಟಿದ್ದು, ಒಂದೇ ಉಸಿರಿಗೆ ಮುಗಿಯುತ್ತದೆ. ಪೋಲೆಂಡಿನವರ 'ತ್ಲೆನ್' ಕೂಡ ಕೆಂಡದಂತೆ ನಿಧಾನವಾಗಿ ಉರಿಯುವುದು ಎಂಬ ಕಡೆಯಿಂದ ಬಂತು. ಹುಳಿ ಮುಟ್ಟದೆ ಬದುಕಿದ ಜಾಣರು.

ಇನ್ನೊಂದು ಇದೆ. ಆಮ್ಲಗಳನ್ನು ಹುಳಿ ಮಾಡುವುದು ಸಾಮಾನ್ಯವಾಗಿ ಜಲಜನಕ. ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕ. ಅಂದರೆ ಎರಡರ ಹೆಸರನ್ನೂ ಅದಲುಬದಲು ಮಾಡಿದ್ದರೆ ಸಾಕಿತ್ತು, ಅಲ್ವಾ? ಈಗ ಹೇಳಿದರೆ ಯಾವ ಮೇಷ್ಟ್ರೂ ಮಾರ್ಕ್ಸ್ ಕೊಡುವುದಿಲ್ಲ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವ ಇನ್ನೊಂದರ, ಅಂದರೆ ನೈಟ್ರೋಜನ್ನಿನ, ಪಾಡು ಇನ್ನೂ ಕಷ್ಟ. ಫ್ರೆಂಚರು ಅದನ್ನು 'ಅಜೋಟ್' ಅಂದರು, ಜೀವವಿಲ್ಲದ್ದು ಅಂತ. ಜರ್ಮನ್ನರು 'ಶ್ಟಿಕ್‌ಸ್ಟೋಫ್' ಅಂದರು, ಉಸಿರುಗಟ್ಟಿಸುವುದು ಅಂತ. ದಿನವಿಡೀ ಎಳೆದುಕೊಳ್ಳುವ ಗಾಳಿಗೆ ಇಂಥ ಬೈಗುಳವೇ! ಕನ್ನಡ ಮಾತ್ರ ಇಲ್ಲಿ ಅವರ ಹಿಂದೆ ಹೋಗಲಿಲ್ಲ. ಸಾರಜನಕ ಎಂದಿತು, ಸಾರ ಹುಟ್ಟಿಸುವುದು ಅಂತ. ಸಾರಜನಕದ ಗೊಬ್ಬರವಾದ ಯೂರಿಯಾ ಮೂಟೆ ಹೊತ್ತು ಹೊಲಕ್ಕೆ ಹೋಗುವವರನ್ನು ಕೇಳಿ, ಅವರಿಗೆ ಈ ಹೆಸರಿನ ಬಗ್ಗೆ ತಕರಾರಿಲ್ಲ. ತಕರಾರು ಇದ್ದರೆ ಮೂಟೆಯ ರೇಟಿನ ಬಗ್ಗೆ.