ಏರ್ ಗನ್ ಹಿಡಿದವರ ಕೈಗೆ ನಮ್ಮ ಕಾರು

ಪಂಕ್ಚರ್ ಅಂಗಡಿ ಹುಡುಗರಿಗೆ ಗಾಳಿಯ ಒತ್ತಡದಲ್ಲಿ ಚಕ್ರದ ನಟ್ ಬಿಗಿಯುವ ಆ ಏರ್ ಗನ್ ಯಾರು ಕೊಟ್ಟರೋ! ನಟ್ ಅನ್ನು ಮೊದಲು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಥ್ರೆಡ್‌ಗೆ ಕೂರಿಸುವಷ್ಟು ತಾಳ್ಮೆಯೂ ಇಲ್ಲ. ಸೊಟ್ಟಗಿಟ್ಟು ಡರ್ರ್ ಅನ್ನಿಸಿಬಿಡುತ್ತಾರೆ. "ಫುಲ್ ಟೈಟ್ ಆಗ್ಯಾದ್ರಿ ಅಣ್ಣಾ!" ಆಗಿರುತ್ತದೆ, ಗ್ಯಾರಂಟಿ. ಮುಂದಿನ ಸಲ ಚಕ್ರ ಬಿಚ್ಚುವಾಗ ನಟ್ ಕೂರುವ ಬೋಲ್ಟು, ಅಂದರೆ ಸ್ಟಡ್, ಕಟ್ ಅಂತ ಮುರಿದು ನಟ್ ಜೊತೆಗೇ ಕೈಗೆ ಬರುತ್ತದೆ.

ಆ ಬೆರಳುದ್ದದ ಸಾಮಾನಿಗಾಗಿ ಸುಡುಬಿಸಿಲಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ರಿಂಗ್ ರೋಡ್‌ವರೆಗೆ ಅಲೆಯಬೇಕು. "ಎಲ್ಲಾ ಒಂದೇರಿ" ಅಂತ ಯಾವುದೋ ಒಂದು ಕೊಡುತ್ತಾರೆ. ಒಂದೇ ಅಲ್ಲ! ಮಾರುತಿಯದು 12 ಮಿ.ಮೀ. ದಪ್ಪ, 1.25 ಪಿಚ್, ಅಂದರೆ ಥ್ರೆಡ್‌ನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ. ಹ್ಯುಂಡೈದು ದಪ್ಪ ಅಷ್ಟೇ, ಪಿಚ್ ಮಾತ್ರ 1.5. ಸುಮ್ನೆ ನೋಡಿದರೆ ಗೊತ್ತೇ ಆಗಲ್ಲ. ತಲೆಯ ಕೆಳಗಿನ ಸಣ್ಣ ಹಲ್ಲುಗಳೂ ತೂತಿಗೆ ಕಚ್ಚಿ ಕೂರಬೇಕು. ಇಲ್ಲದಿದ್ದರೆ ನಟ್ ತಿರುಗಿಸಿದಂತೆ ಸ್ಟಡ್ಡೂ ತಿರುಗುತ್ತಾ ಇರುತ್ತದೆ.

ಮನೆ ಮುಂದೆ ಹಾಕೋದು ಇನ್ನೊಂದು ಕಥೆ. ಹಿಂದಿನ ಚಕ್ರವಾದರೆ ಬ್ರೇಕ್ ಡ್ರಮ್ ಬಿಚ್ಚಿ, ಮುರಿದದ್ದನ್ನು ಬಡಿದು ತೆಗೆದು, ಹೊಸದನ್ನು ಒಳಗಿನಿಂದ ತೂರಿಸಬೇಕು. ಮೇಲೆ ವಾಷರ್ ಪೇರಿಸಿ, ಗ್ರೀಸ್ ಸವರಿ, ನಟ್ ತಿರುಗಿಸುತ್ತಾ ಪೂರ್ತಿ ಎಳೆದು ಕೂರಿಸಬೇಕು. ಅಷ್ಟರಲ್ಲಿ ಓಣಿಯವರೊಬ್ಬರು ನಿಂತು, "ಒಂದು ಇಲ್ಲಂದ್ರ ಏನಾತ್ರಿ, ಇನ್ನಾ ಮೂರು ಅದಾವಲ್ಲ" ಅಂತಾರೆ. ಇರೋದೇ ನಾಲ್ಕು ಸ್ವಾಮಿ!

ಈಗ ಪಂಕ್ಚರ್ ಅಂಗಡಿಯಲ್ಲಿ "ಗನ್ ಬೇಡಪ್ಪಾ, ಪಾನಾ ಹಚ್ಚು" ಅಂದರೆ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ಮತ್ತೆ ಗನ್ನೇ ಎತ್ತಿಕೊಳ್ಳುತ್ತಾನೆ.