ಸತ್ಯಾಂಶ: ಒಂದೇ ಸೂಜಿಗೆ ಹುಬ್ಬು ಖಾಯಂ ಮೇಲೇರುತ್ತದೆಯೇ?

ಮದುವೆ ಸೀಸನ್ ಬಂದಾಗ ಕಾಸರಗೋಡು, ಮಂಜೇಶ್ವರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಕನ್ನಡದಲ್ಲೂ ಮಲಯಾಳದಲ್ಲೂ ಓಡಾಡುತ್ತದೆ. ಬೊಟಾಕ್ಸ್ ಎಂಬ ಔಷಧದ ಸೂಜಿ ಒಮ್ಮೆ ಹಾಕಿಸಿದರೆ ಇಳಿಬಿದ್ದ ಹುಬ್ಬು ಖಾಯಂ ಮೇಲೇರುತ್ತದೆ, ಆಪರೇಶನ್ ಬೇಡ ಎಂದು. ಇದು ತಪ್ಪು.

ಬೊಟಾಕ್ಸ್ ಹುಬ್ಬನ್ನು ಕೆಳಗೆಳೆಯುವ ಸ್ನಾಯುಗಳನ್ನು ಸಡಿಲಿಸುತ್ತದೆ, ಅಷ್ಟೇ. ಹುಬ್ಬು ಏರುವುದು ಕೆಲವೇ ಮಿಲಿಮೀಟರ್. ಸಾಮಾನ್ಯವಾಗಿ 3-4 ತಿಂಗಳಲ್ಲಿ ಅದೂ ಇಳಿಯುತ್ತದೆ. ಫಿಲ್ಲರ್ ಎಂಬ ಸೂಜಿ ಬೇರೆ, ಅದು ಗುಳಿಬಿದ್ದ ಜಾಗ ತುಂಬುತ್ತದೆ. ಚರ್ಮವೇ ಜಾಸ್ತಿ ಜೋತಿದ್ದರೆ ಎತ್ತಿ ನಿಲ್ಲಿಸುವ ಕೆಲಸ ಶಸ್ತ್ರಚಿಕಿತ್ಸೆಯದು. ಕೆಲವು ಸರ್ಜನ್‌ಗಳು ಬೊಟಾಕ್ಸ್, ಶಸ್ತ್ರಚಿಕಿತ್ಸೆ ಎರಡನ್ನೂ ಜೊತೆಗೂಡಿಸುತ್ತಾರೆ. ಆಪರೇಶನ್‌ಗೆ ಮೊದಲೇ ಬೊಟಾಕ್ಸ್ ಕೊಟ್ಟರೆ, ಗಾಯ ಮಾಯುವಾಗ ಹುಬ್ಬನ್ನು ಕೆಳಗೆಳೆಯುವ ಬಲ ಕಡಿಮೆಯಾಗುತ್ತದೆ. ಯಾರಿಗೆ ಏನು ಬೇಕು ಎಂಬುದನ್ನು ಮುಖ ನೋಡಿದ ವೈದ್ಯರೇ ಹೇಳಬೇಕು.

ಕಳಿಸುವವರು ತಮ್ಮವರ ದುಡ್ಡು, ನೋವು ಉಳಿಯಲಿ ಎಂದೇ ಕಳಿಸುತ್ತಾರೆ. ಆದರೂ ಮೊದಲು ನೋಡಿಕೊಳ್ಳಿ. ಔಷಧದ ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿ ಕೇಳಿ ಓದಿ. ಮತ್ತೆ ಕೊಡುವ ಅಂತರ ಅದರಲ್ಲೇ ಇರುತ್ತದೆ. ಖಾಯಂ ಆಗಿದ್ದರೆ ಆ ಅಂತರ ಯಾಕೆ ಬೇಕಿತ್ತು, ಅಲ್ವಾ? ಸಂದೇಶದಲ್ಲಿ ಫೋಟೊ ಇದ್ದರೆ ಅದು ಸೂಜಿ ಹಾಕಿಸಿ ಎಷ್ಟು ತಿಂಗಳ ನಂತರದ್ದು ಎಂದು ವಿಚಾರಿಸಿ. ವೈದ್ಯರ ನೋಂದಣಿ ಸಂಖ್ಯೆಯನ್ನು ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ. ಬ್ಯೂಟಿ ಪಾರ್ಲರಿನಲ್ಲಿ ಮಾತ್ರ ಈ ಸೂಜಿ ಹಾಕಿಸಿಕೊಳ್ಳಬೇಡಿ.